ವ್ಯಾನಿನೊಳಗಿನ ಸ್ಸ್ಸ್

“ಸ್ಟ್ರಾಬೆರಿ ಹೋಯ್ತು ತಾತಾ, ಸ್ಟ್ರಾಬೆರಿ!” ಐಸ್‌ಕ್ರೀಮ್ ಮಾಮ ವ್ಯಾನಿನಿಂದ ಇಳಿಯುತ್ತಲೇ ಕೂಗಿಕೊಂಡ.

“ಬ್ಯಾಟರಿನಾ?” ಬಾನೆಟ್ ಎತ್ತುತ್ತಾ ತಾತ ಕೇಳಿದರು. “ಮೊನ್ನೆ ತಾನೇ ಹೊಸದು ಹಾಕಿದ್ದೀನಲ್ಲೋ!”

ಗಿರಗಿಟ್ಲೆ ಸ್ಕೂಲ್ ಬ್ಯಾಗನ್ನು ಟೈರುಗಳ ಮೇಲೆ ಎಸೆದು, ಕಿಸಕಿಸ ನಗುತ್ತಾ ಓಡಿ ಬಂದಳು. ಐದನೇ ಕ್ಲಾಸಿನ ಈ ಹುಡುಗಿ ನಿಂತಲ್ಲಿ ನಿಲ್ಲುವವಳಲ್ಲ. ಅದಕ್ಕೇ ತಾತ ಅವಳಿಗೆ ಆ ಹೆಸರಿಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ಅವಳಿಗೆ ತಾತನ ಗ್ಯಾರೇಜೇ ಮನೆ.

“ಎಂಜಿನ್ ಪದೇ ಪದೇ ನಿಂತು ಹೋಗ್ತಿದೆ ತಾತಾ,” ಮಾಮ ಅಂದ. “ಅದು ನಿಂತ್ರೆ ಫ್ರೀಜರೂ ನಿಲ್ಲುತ್ತೆ. ಬರ್ತ್‌ಡೇ ಮನೆ ತುಂಬ ಮಕ್ಕಳು ಕಾಯ್ತಿದ್ದಾರೆ. ಇಲ್ಲಿ ಎಲ್ಲಾ ಸೋರ್ತಾ ಇದೆ!”

“ಓಡ್ತಾ ಇದೆಯಾ? ಓಡೋ ಗಾಡೀನ ಇಲ್ಲಿಗ್ಯಾಕಪ್ಪಾ ತಂದೆ?”

ಮಾಮ ಹಣೆ ಚಚ್ಚಿಕೊಂಡ. ಗಿರಗಿಟ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾತನ ಜೋಕುಗಳೇ ಹಾಗೆ, ಮುಖದಲ್ಲಿ ನಗುವೇ ಇರುವುದಿಲ್ಲ!

ಮಾಮ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿದ. ವ್ಯಾನು ಗಡಗಡ ನಡುಗಿತು, ಕೆಮ್ಮಿತು, ಹೇಗೋ ಉಸಿರು ಹಿಡಿದುಕೊಂಡಿತು.

ದೊಡ್ಡ ಗ್ಯಾರೇಜುಗಳಲ್ಲಿ ಎಂಜಿನ್ ಸದ್ದು ಕೇಳೋಕೆ ಡಾಕ್ಟರ ಹತ್ತಿರ ಇರುವಂಥ ಸ್ಟೆತಸ್ಕೋಪ್ ಇರುತ್ತಂತೆ. ತಾತನ ಹತ್ತಿರ ಇದ್ದದ್ದು ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುಂಡು. ನಟ್ಟು ಬೋಲ್ಟು ಇಡೋಕೆ ಮೊಟ್ಟೆ ಟ್ರೇ. ಸಂದಿಗೆ ಬಿದ್ದ ಸ್ಕ್ರೂ ಎತ್ತೋಕೆ ಕೋಲಿಗೆ ಕಟ್ಟಿದ ಹಳೇ ಸ್ಪೀಕರಿನ ಮ್ಯಾಗ್ನೆಟ್.

ತಾತ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಎಂಜಿನ್ ಸುತ್ತ ಆಡಿಸಿದರು. ಮತ್ತೆ ಆಡಿಸಿದರು. “ಏನೂ ಇಲ್ವಲ್ಲಾ...”

ಅಷ್ಟರಲ್ಲಿ ಗ್ಯಾರೇಜಿನ ನಾಯಿ ವ್ಯಾನಿನ ಹಿಂದೆ ಬಾಯಿ ತೆರೆದು ಮಲಗಿಬಿಟ್ಟಿತ್ತು. ಗುಲಾಬಿ ಹನಿಗಳು ನೇರ ಅದರ ಬಾಯಿಗೇ!

“ಬೇಗ ತಾತಾ! ಮೊದಲ ಗಿರಾಕಿ ಶುರು ಹಚ್ಕೊಂಡ!” ಗಿರಗಿಟ್ಲೆ ಕುಣಿದಳು. “ನಾನೂ ಕೇಳ್ತೀನಿ, ಪ್ಲೀಸ್ ಪ್ಲೀಸ್!”

ತಾತ ಅವಳ ಜಡೆಯನ್ನು ಮೇಲೆತ್ತಿ ಕಟ್ಟಿದರು. “ಎರಡೂ ಕೈ ಬೆನ್ನ ಹಿಂದೆ. ಬೆಲ್ಟು ತಿರುಗ್ತಿದೆ. ಪೈಪು ನಾನು ಹಿಡೀತೀನಿ, ನೀನು ದೂರದಿಂದ ಬರೀ ಕಿವಿ ಕೊಡು.”

ಪೈಪಿನೊಳಗೆ ದೊಡ್ಡ ಗಲಾಟೆ! ಟಕಟಕ. ಗುರ್ರ್‌ರ್. ಆಮೇಲೆ, ಗಲಾಟೆ ಮಾಡುವ ಕ್ಲಾಸನ್ನು ಬಾಗಿಲಲ್ಲಿ ನಿಂತ ಟೀಚರು ಸುಮ್ಮನಿರಿಸಿದ ಹಾಗೆ, ಸ್ಸ್ಸ್ಸ್ಸ್!

“ಇಲ್ಲೇ! ಇಲ್ಲೇ ತಾತಾ! ಸ್ಸ್ಸ್ ಅಂತಿದೆ!”

ತಾತ ಪೈಪನ್ನು ತಮ್ಮ ಕಿವಿಗೆ ಹಿಡಿದರು. ಕಣ್ಣು ಮುಚ್ಚಿದರು.

“ಹಾಂ... ಹಾಂ, ಇದೆ ಇದೆ. ಚೆನ್ನಾಗಿ ಕೇಳಿಸ್ತಿದೆ.”

ಗಿರಗಿಟ್ಲೆ ನೋಡಿದಳು. ಪೈಪಿನ ಆಚೆ ತುದಿ ಎಂಜಿನ್ ಹತ್ತಿರ ಇರಲೇ ಇಲ್ಲ. ಅದು ಜಾರಿ, ತಾತನ ಮೊಣಕಾಲ ಹತ್ತಿರ ಸುಮ್ಮನೆ ತೂಗಾಡುತ್ತಿತ್ತು.

ಅವಳ ನಗು ಅರ್ಧಕ್ಕೇ ನಿಂತಿತು.

ಸ್ಟ್ರಾಬೆರಿ... ಬ್ಯಾಟರಿ. ಸೋರ್ತಾ ಇದೆ... ಓಡ್ತಾ ಇದೆ. ತಾತ ಜೋಕು ಮಾಡಿರಲೇ ಇಲ್ಲ.

“ಅಲ್ಲಿ ತಾತಾ,” ಅವಳು ಬೆರಳು ಮಾಡಿ ತೋರಿಸಿದಳು. “ಆ ಕಪ್ಪು ಡಬ್ಬಿ ಹಿಂದೆ.”

ತಾತ ಎಂಜಿನ್ ಆಫ್ ಮಾಡಿಸಿ ಸಂದಿಯೊಳಗೆ ಕೈ ಹಾಕಿದರು. ಅವರ ಬೆರಳುಗಳು ತಡವುತ್ತಾ ತಡವುತ್ತಾ ಒಂದು ಕಡೆ ನಿಂತವು. “ಸಿಕ್ಕಿದ ಕಳ್ಳ! ರಬ್ಬರ್ ಪೈಪು ತುದೀಲಿ ಸೀಳಿದೆ. ಗಾಳಿ ಎಳ್ಕೊಳ್ತಿದೆ.” ಸೀಳಿದ ಚೂರನ್ನು ಕತ್ತರಿಸಿ ಎಸೆದರು. ಉಳಿದದ್ದನ್ನು ಒತ್ತಿ ಕೂರಿಸಿದರು. ಅಷ್ಟೇ!

ಮಾಮ ಕೀ ತಿರುಗಿಸಿದ. ವ್ಯಾನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಮಾಮ ಪೋಂ ಪೋಂ ಅಂತ ಹಾರ್ನ್ ಬಾರಿಸಿದ. ನಾಯಿ ಬೆಚ್ಚಿ ಎದ್ದು, ಮೂತಿಯೆಲ್ಲ ಗುಲಾಬಿ ಮಾಡಿಕೊಂಡು ರಸ್ತೆಗೆ ಓಡಿತು. ಗಿರಗಿಟ್ಲೆಗೆ ಮತ್ತೆ ನಗು ಉಕ್ಕಿ ಬಂತು.

“ತಾತಾ, ನಿಮಗೆ ಕಪ್ಪಾ, ಕೋನಾ?” ಫ್ರೀಜರಿಗೆ ತಲೆ ತೂರಿಸಿಕೊಂಡು ಮಾಮ ಕೇಳಿದ.

ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ತಾತ ತಿರುಗಲಿಲ್ಲ.

ಮಾಮ ಇನ್ನೇನು ಕಿರುಚಬೇಕು ಅನ್ನುವಷ್ಟರಲ್ಲಿ, “ಕೊಡಿ ಮಾಮ, ನಾನೇ ಕೇಳ್ತೀನಿ,” ಅಂದಳು ಗಿರಗಿಟ್ಲೆ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಕೋನು ಹಿಡಿದು, ಸುತ್ತು ಬಳಸಿ ತಾತನ ಎದುರಿಗೆ ಹೋಗಿ ನಿಂತಳು. ಎರಡನ್ನೂ ಎತ್ತಿ ತೋರಿಸಿದಳು.

ತಾತ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೋನ್ ತೆಗೆದುಕೊಂಡರು.

ಇಬ್ಬರೂ ಟೈರುಗಳ ಮೇಲೆ ಕೂತರು. ದಿನವೂ ತಾತನ ಪಕ್ಕಕ್ಕೆ ಅಂಟಿಕೊಳ್ಳುತ್ತಿದ್ದ ಗಿರಗಿಟ್ಲೆ ಇವತ್ತು ತನ್ನ ಟೈರನ್ನು ಅವರ ಎದುರಿಗೆ ಉರುಳಿಸಿಕೊಂಡಳು.

“ತಾತಾ, ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ?” ಅವರ ಕಣ್ಣು ತನ್ನ ಮೇಲೆ ಬರುವ ತನಕ ಕಾದು, ನಿಧಾನವಾಗಿ ಶುರುಮಾಡಿದಳು.