ಕತ್ತಲೆಕೋಣೆಯಲ್ಲಿ ಕಳೆದ ಗಾಜು

“ಮೇಷ್ಟ್ರೇ, ಒಸಿ ಬನ್ನಿ. ನನ್ನ ಕಳ್ಳಿ ಅಂತಾವ್ರೆ,” ಎಂದು ಗೋಡೆಯಾಚೆಯಿಂದ ಕೂಗಿದರು ರೋಶನ್ ಬೀ.

ಅದು 2005ರ ಮಾರ್ಚ್, ಮಧ್ಯಾಹ್ನ ಮೂರೂವರೆ. ಚನ್ನಪಟ್ಟಣದಲ್ಲಿ ನನ್ನ ಎಸ್‌ಟಿಡಿ ಬೂತಿನ ಪಕ್ಕದ ಮಳಿಗೆಯೇ ಅವರ ಸ್ಟುಡಿಯೋ. ಬೂತಿನಲ್ಲಿ ಪೇಪರ್ ಓದುತ್ತ ಕೂತಿದ್ದವರು ಗಂಗಹನುಮಯ್ಯ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಊರಲ್ಲಿ ಏನೇ ಕಳೆದರೂ ಜನ ಠಾಣೆಗಿಂತ ಮೊದಲು ಅವರ ಹತ್ತಿರ ಬರುತ್ತಿದ್ದರು. ಅವರ ಜೊತೆ ತಿರುಗುವುದು ನನ್ನ ಹಣೆಬರಹ. ಅವರಿಗೆ ಎಲ್ಲವೂ ಮೊದಲೇ ಹೊಳೆದಿರುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಪಕ್ಕದಲ್ಲಿರುವವನು ಮೈ ಪರಚಿಕೊಳ್ಳಬೇಕು.

ಸ್ಟುಡಿಯೋ ಬಾಗಿಲಿಗೆ ಬೈರಮಂಗಲದ ಸಿದ್ದಮ್ಮ ಅಡ್ಡ ಕೂತಿದ್ದರು. ಒಳಗಿದ್ದ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದು ಹಠ. ಅವರ ಸಂಕಟವೂ ಸಣ್ಣದಲ್ಲ. ಸುತ್ತಲ ಜಮೀನೆಲ್ಲ ಕಾರ್ಖಾನೆಗೆ ಹೋಗಿತ್ತು. ಮನೆತನದ ಸಮಾಧಿಗಳಿರುವ ತುಂಡನ್ನಾದರೂ ಬಿಡಿ ಎಂದರೆ, ಆ ಕಲ್ಲುಗಳನ್ನು ಮೊನ್ನೆ ತಾನೇ ನೆಟ್ಟಿದ್ದೀರಿ ಎಂದು ಕಂಪನಿಯವರ ವಾದ. ಎಪ್ಪತ್ತು ವರ್ಷದ ಹಿಂದೆ ಅದೇ ಕಲ್ಲುಗಳ ಮುಂದೆ ತೆಗೆಸಿದ ಫೋಟೋದ ಗಾಜಿನ ನೆಗೆಟಿವ್ ಅಟ್ಟದಲ್ಲಿ ಸಿಕ್ಕಿತ್ತು. ಮರುದಿನ ಹತ್ತಕ್ಕೆ ರಾಮನಗರದಲ್ಲಿ ವಿಚಾರಣೆ. ಗಾಜು ಸಿಗದಿದ್ದರೆ ಸಮಾಧಿಗಳ ಮೇಲೆ ಕಾಂಪೌಂಡ್ ಏಳುತ್ತಿತ್ತು.

ಗಾಜನ್ನು ಕಾಗದಕ್ಕೆ ಒತ್ತಿಟ್ಟು, ಮೇಲಿಂದ ಬೆಳಕು ಬಿಟ್ಟು, ಅದೇ ಅಳತೆಯ ಚಿತ್ರ ತೆಗೆಯುವುದು ರೋಶನ್ ಬೀಗೆ ತೀರಿಹೋದ ಗಂಡ ಕಲಿಸಿದ ವಿದ್ಯೆ. ಚಿತ್ರ ಮೂಡಿಸುವ ಔಷಧಿಯಲ್ಲಿ ಅದ್ದಿ ಅದ್ದಿ ಅವರ ಉಗುರುಗಳೆಲ್ಲ ಕಪ್ಪು. ಆ ಕಾಗದ ತೀರಾ ನಿಧಾನದ್ದು. ಕತ್ತಲೆಕೋಣೆಯ ಮಂಕು ಹಳದಿ ಬಲ್ಬಿಗೆ ಜಗ್ಗುವುದಿಲ್ಲ, ಇನ್ನೂರು ವ್ಯಾಟಿನ ಬಲ್ಬೇ ಬೇಕು. ಅಂದು ಗಾಜು, ಕಾಗದ ಎರಡನ್ನೂ ಚೌಕಟ್ಟಿನಲ್ಲಿ ಕೂರಿಸಿ, ಔಷಧಿಯ ಟ್ರೇ ಪಕ್ಕದಲ್ಲಿಟ್ಟು, ಇನ್ನೇನು ಸ್ವಿಚ್ ಹಾಕಬೇಕು, ಕರೆಂಟ್ ಹೋಯಿತು. ಗ್ಯಾಸ್‌ಲೈಟ್ ಆದರೂ ನಡೆಯುತ್ತದೆಂದು ಹಿಂಬಾಗಿಲಿಂದ ಹೊರಟು, ಅದಕ್ಕೆ ಹೊರಗಿಂದ ಚಿಲಕ ಹಾಕಿ, ಪಕ್ಕದ ಮನೆಗೆ ಹೋಗಿ ತಂದರು. ಹತ್ತು ನಿಮಿಷವಾಗಿತ್ತು. ದೀಪವನ್ನು ಕತ್ತಲೆಕೋಣೆಯ ಪರದೆಯಾಚೆ ಇಟ್ಟು ಚೌಕಟ್ಟು ತಡವಿದರೆ ಕಾಗದವಿತ್ತು, ಗಾಜಿರಲಿಲ್ಲ.

ಆ ಹತ್ತು ನಿಮಿಷ ಸಿದ್ದಮ್ಮ ಮುಂದಿನ ಮೆಟ್ಟಿಲ ಮೇಲಿದ್ದರು. ಒಳಗಿದ್ದವರು ಇಬ್ಬರೇ. ಒಬ್ಬ ಅವರ ಮೈದುನನ ಮಗ ಅಶ್ವಥ್, ಗರಿಗರಿ ಬಿಳಿ ಅಂಗಿ ತೊಟ್ಟವನು. ಇನ್ನೊಬ್ಬ ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದ ಗೊಂಬೆ ಮಾಡುವ ಮುಕ್ತಿಯಾರ್; ಬೆರಳೆಲ್ಲ ಅರಗಿನ ಬಣ್ಣ, ಕೈಚೀಲದಲ್ಲಿ ಆಗಷ್ಟೇ ಕೊಂಡ ಮೂರು ಸೆಲ್ಲಿನ ಟಾರ್ಚು.

ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ ಎಂದ ಅಶ್ವಥ್. ಕನ್ನಡಿ ಮುಂದೆ ತಲೆ ಬಾಚುತ್ತಿದ್ದೆ ಎಂದ ಮುಕ್ತಿಯಾರ್. ರೋಶನ್ ಬೀಯೇ ಗಾಜು ಬೀಳಿಸಿ ಒಡೆದು ಚೂರು ಬಚ್ಚಿಟ್ಟಿದ್ದಾಳೆ ಎಂದು ಅಶ್ವಥ್ ಮೊದಲಿಂದಲೂ ಹೇಳುತ್ತಿದ್ದ. ನಾವು ಬಂದ ಮೇಲೆ ಮುಕ್ತಿಯಾರನ ಬಣ್ಣದ ಬೆರಳು ತೋರಿಸಿ, ಇವನೂ ಇರಬಹುದು ಎಂದ. ಅಶ್ವಥ್‌ನ ಅಂಗಿಯ ಬಲತೋಳಿನ ತುದಿ ಒದ್ದೆಯಾಗಿತ್ತು. ಮೇಷ್ಟ್ರು ಕೇಳಿದ್ದಕ್ಕೆ, ಹೂಜಿಯಲ್ಲಿ ನೀರು ಕುಡಿದೆ ಎಂದ.

ಮೇಷ್ಟ್ರು ಗಾಜು ಹುಡುಕಿದರೇ? ಇಲ್ಲ. ಅಷ್ಟರಲ್ಲಿ ಕರೆಂಟ್ ಬಂದಿತ್ತು. ಹಳದಿ ಬಲ್ಬಿನಡಿ ಆ ಖಾಲಿ ಕಾಗದವನ್ನು ಔಷಧಿಗೆ ಹಾಕಿಸಿ, ಅದು ಬೆಳ್ಳಗೇ ಉಳಿದದ್ದನ್ನು ಕೊಕ್ಕರೆಯಂತೆ ನೋಡುತ್ತ ನಿಂತರು. ಸಿದ್ದಮ್ಮ ಅಳುತ್ತಿದ್ದರು, ಅವರೂರಿಗೆ ಐದು ಗಂಟೆಗೇ ಇದ್ದ ಕಡೇ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಆಮೇಲೆ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಅಶ್ವಥ್, ಮುಕ್ತಿಯಾರ್ ಇಬ್ಬರೂ ಬಲಗೈಯನ್ನು ಅಂಗಿತೋಳಿನ ತುದಿ ಸಮೇತ ಅದ್ದಬೇಕೆಂದರು. ನನಗೆ ರೇಗಿಹೋಯಿತು.

“ಇದೇನ್ ಮೇಷ್ಟ್ರೇ, ಗಾಜು ಹುಡ್ಕದು ಬುಟ್ಟು ಕೈ ತೊಳಿಸ್ತಿದ್ದೀರಾ?”

ಅವರು ಇಬ್ಬರ ಕೈಯನ್ನೂ ಅದ್ದಿಸಿ ತೆಗೆಸಿದರು. ಐದು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸಿದರು. ಆ ಐದು ನಿಮಿಷದಲ್ಲಿ ನಾನು ಅವರನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಎಲ್ಲರನ್ನೂ ಬೆಂಚಿನ ಸುತ್ತ ಕರೆದು ಮಾತು ಶುರುಮಾಡಿದರು.

ಕಾಗದ ನಿಧಾನದ್ದೇ ಇರಬಹುದು, ಆದರೆ ಹತ್ತಿರದಿಂದ ಟಾರ್ಚು ಬಿಟ್ಟರೆ ಕಪ್ಪಾಗದೆ ಇರುವುದಿಲ್ಲ. ಅದು ಬೆಳ್ಳಗಿತ್ತು. ಅಂದರೆ ಕಳ್ಳ ಕತ್ತಲಲ್ಲಿ ತಡವಿದ್ದಾನೆ. ಟಾರ್ಚು ಇದ್ದವನು ಯಾಕೆ ತಡವುತ್ತಾನೆ? ತಡವುವವನ ಕೈ ಪಕ್ಕದ ಟ್ರೇಗೆ ಬೀಳದೆ ಇರದು. ಆ ಔಷಧಿ ಹೊಸದರಲ್ಲಿ ನೀರಿನಂತೆ ಕಾಣುತ್ತದೆ, ಕೈ ಅದ್ದಿದವನಿಗೂ ನೀರೇ ಅನ್ನಿಸುತ್ತದೆ. ರೋಶನ್ ಬೀಯ ಉಗುರು ಕಪ್ಪಾದದ್ದು ಅದರಿಂದಲೇ. ಸೋಡಾ ತಾಗಿದರೆ ಇನ್ನೂ ಬೇಗ ಬಣ್ಣಕ್ಕೆ ತಿರುಗುತ್ತದೆ.

“ತೋಳು ತೋರ್ಸಪ್ಪಾ ಅಶ್ವಥ್,” ಎಂದರು.

ಬಿಳಿ ಅಂಗಿಯ ತುದಿ ಕಂದು ಕಪ್ಪಾಗಿತ್ತು, ಬೆರಳ ಸಂದುಗಳೂ. ಮುಕ್ತಿಯಾರನ ಕೈಯಲ್ಲಿ ಅದೇ ಹಳೆಯ ಕೆಂಪು, ಹಳದಿ. ಅಶ್ವಥ್ ಫೋಟೋಗೆ ಹಿನ್ನೆಲೆಯಾಗಿ ತೂಗುಬಿಟ್ಟಿದ್ದ ಬಣ್ಣದ ಪರದೆಯ ಹತ್ತಿರ ಹೋಗಿ, ಕೆಳಗಿನ ಸುರುಳಿಯಿಂದ ಗಾಜನ್ನು ತೆಗೆದುಕೊಟ್ಟ. ಗಾಜು ಇಲ್ಲವಾದರೆ ಕಾರ್ಖಾನೆಯ ಕ್ಯಾಂಟೀನು ಅವನಿಗೇ ಎಂದು ಕಂಪನಿಯ ಯಾರೋ ಮಾತು ಕೊಟ್ಟಿದ್ದರಂತೆ.

ನಾನು ಠಾಣೆಗೆ ಫೋನ್ ಮಾಡಲು ಎದ್ದೆ. ಸಿದ್ದಮ್ಮ ತಡೆದರು. ರೋಶನ್ ಬೀಯ ಎರಡೂ ಕೈ ಹಿಡಿದು, ತಪ್ಪು ಮಾತಾಡಿದೆ, ಪಟ ತೆಗೆದುಕೊಡು ತಾಯಿ ಎಂದು ಬೇಡಿಕೊಂಡರು. ಆಮೇಲೆ ಅಶ್ವಥ್ ಕಡೆ ತಿರುಗಿದರು.

“ಪೊಲೀಸ್ಗೆ ಹೇಳಕಿಲ್ಲ ಕಣ್ಲಾ. ನಾಳೆ ಆ ಪಟಾವ ಸಾಹೇಬ್ರ ಮುಂದೆ ನೀನೇ ಇಡ್ಬೇಕು.”

ಮರುದಿನ ರಾಮನಗರಕ್ಕೆ ನಾವೂ ಹೋಗಿದ್ದೆವು. ಚಿತ್ರದಲ್ಲಿ ಸಾಲಾಗಿ ಏಳು ಕಲ್ಲು, ಮುಂದೆ ಪೇಟ ಸುತ್ತಿದ ಮುದುಕರು. ಅಧಿಕಾರಿ ಚಿತ್ರವನ್ನು ಬಹಳ ಹೊತ್ತು ನೋಡಿ, ಅದನ್ನು ಮುಂದಿಟ್ಟ ಅಶ್ವಥ್‌ನನ್ನು, ನೀನು ಈ ಮುದುಕರಿಗೆ ಏನಾಗಬೇಕು ಎಂದು ಕೇಳಿದರು. ಕಂಪನಿಯವರು ಎದುರಿಗೇ ಕೂತಿದ್ದರು. ಅಶ್ವಥ್ ಅವರ ಕಡೆ ನೋಡಲಿಲ್ಲ.

“ಮರಿಮಗ, ಸಾರ್. ಆ ಎಡಗಡೆ ಕಲ್ಲೈತಲ್ಲ, ಅದ್ರ ಪಕ್ಕದಲ್ಲೇ ನಮ್ಮಪ್ಪನ್ನ ಮಣ್ಣು ಮಾಡಿದ್ದು ನಾನೇ,” ಎಂದ.