ಅಪಾಚೆಯ ಆಚೆ

ನಗಬೇಡಿ, ಇದು ನಡೆದದ್ದು. ನಮ್ಮ ಸರ್ವರ್ ಕೋಣೆಯ ಬಾಗಿಲು ತೆರೆಯಬೇಕಾದರೆ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ಓಡುತ್ತಿರಬೇಕು. ನಾವಿಬ್ಬರೂ ಒಳಗಿದ್ದಾಗಲೇ ಭಾವ ಕೂತು ಅದರ ಕಾನ್ಫಿಗರೇಶನ್ ಫೈಲುಗಳನ್ನೇ ಅಳಿಸಿಬಿಟ್ಟರು.

"ಅಪಾಚೆ ಇಲ್ಲದೆ ಆಚೆ ಹೋಗೋ ಹಾಗಿಲ್ಲ ಭಾವ," ಎಂದೆ.

"ಸಾಕು ಮಾಡೋ, ಈ ಏಸಿ ಚಳಿಗೆ ಸಾಯ್ತಿದೀನಿ!"

ಮತ್ತೆ ಇನ್‌ಸ್ಟಾಲ್ ಮಾಡಿದರೂ ಫೈಲು ಬರಲಿಲ್ಲ. ಬೇಕೆಂದೇ ಅಳಿಸಿದ್ದೀರಿ ಎಂದುಕೊಳ್ಳುತ್ತದೆ ಯಂತ್ರ ನಡೆಸುವ ಲಿನಕ್ಸ್. ಅವರ ಹಿಂದಿನಿಂದ ಬಾಗಿ, ಕಾಣೆಯಾದದ್ದನ್ನು ವಾಪಸ್ ತರುವ ಆಯ್ಕೆಯನ್ನು ಆಜ್ಞೆಗೆ ಸೇರಿಸಿ ಎಂಟರ್ ಒತ್ತಿದೆ. ಹಾಗೇ, ಹೋದ ವರ್ಷ ತೀರಿಹೋದ ನಮ್ಮ ಸೂಪರ್‌ವೈಸರ್ ದನಿಯಲ್ಲಿ ಕೆಮ್ಮಿ, "ಏನಯ್ಯಾ, ಕರೆದ್ಯಾ?" ಎಂದೆ.

ಭಾವ ಕಿಟಾರನೆ ಕಿರುಚಿದರು. ನಾನು ಕಣ್ಣು ಮುಚ್ಚಿ, ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು, ನನಗಿಂತ ಜೋರಾಗಿ.

ಕಣ್ಣು ತೆರೆದರೆ ಕುರ್ಚಿ ಖಾಲಿ, ಮುಟ್ಟಿದರೆ ಮಂಜುಗಡ್ಡೆ. ಭಾವನ ನಗು ಬಾಗಿಲಾಚೆಯಿಂದ ಬರುತ್ತಿತ್ತು. ಬಾಗಿಲಿನ್ನೂ ತೆರೆದಿರಲಿಲ್ಲ.