ಮೇಣದ ಚೂರು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ಕಸ ಗುಡಿಸುವಾಕೆ ಠಾಣೆಗೆ ಓಡಿ ಬಂದಾಗ ಅವಳ ಚಪ್ಪಲಿಗೆ ಹೆಪ್ಪುಗಟ್ಟಿದ ರಕ್ತ ಮೆತ್ತಿತ್ತು. ಹಳೆಯ ದಾಖಲೆಗಳ ಕೋಣೆಯಲ್ಲಿ ಡಾಕ್ಟರಮ್ಮ ಸತ್ತು ಬಿದ್ದಿದ್ದಾರೆ ಎಂದಷ್ಟೇ ಅವಳ ಬಾಯಿಂದ ಹೊರಟಿತು. ಕೊಲೆಯೆಂದು ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲೇ ನಿಂತು ನೋಡಿದರು. ಕತ್ತು ಅರ್ಧ ಕೊಯ್ದುಹೋಗಿತ್ತು. ತಡೆಯಲು ಒಡ್ಡಿದ ಅಂಗೈ ಎಲುಬಿನವರೆಗೆ ಸೀಳಿಹೋಗಿತ್ತು. ಗೋಡೆಯುದ್ದದ ಕಬ್ಬಿಣದ ಡ್ರಾಯರುಗಳ ಮೇಲೂ ರಕ್ತ. ರೋಗಿಗಳ ಮೈಯಿಂದ ತೆಗೆದ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ ಅವುಗಳಲ್ಲಿ ಇಟ್ಟಿದ್ದರು. ವಂಶದಲ್ಲಿ ಇಳಿದು ಬರುವ ಕ್ಯಾನ್ಸರಿನ ಕುರಿತು ಡಾಕ್ಟರಮ್ಮನ ಸಂಶೋಧನೆ ನಡೆದಿದ್ದು ಆ ತುಣುಕುಗಳ ಮೇಲೆಯೇ.

"ಸತ್ತವರನ್ನೂ ಬಿಡಲ್ವಲ್ಲ ಸಾರ್ ಇವರು" ಎಂದು ಕಾನ್‌ಸ್ಟೇಬಲ್ ಗೊಣಗಿದ.

"ನಾವೇನು ಬಿಡ್ತೀವಾ? ಪಂಚನಾಮೆ ಬರಿ."

ಒಂದು ಡ್ರಾಯರ್ ತೆರೆದಿತ್ತು. ಅದರಲ್ಲಿ ಪಕ್ಕಪಕ್ಕದ ಎರಡು ತುಣುಕು ಇರಲಿಲ್ಲ.

ಸಾವು ಭಾನುವಾರ ಮಧ್ಯಾಹ್ನವೇ ಆಗಿದೆ, ಗಾಯದೊಳಗೆ ಬಿಳಿ ಮೇಣದ ಚೂರುಗಳಿವೆ ಎಂದು ಮರಣೋತ್ತರ ಪರೀಕ್ಷೆಯ ವೈದ್ಯರು ಫೋನು ಮಾಡಿದರು. ಪರೀಕ್ಷೆಗಾಗಿ ಮೇಣದ ತುಣುಕುಗಳನ್ನು ತೆಳುವಾಗಿ ಕೊಯ್ಯುವ ಕೋಣೆಯಲ್ಲಿ ಈಗ ಎಲ್ಲರೂ ಬಳಸಿ ಬಿಸಾಡುವ ತೆಳು ಬ್ಲೇಡನ್ನೇ ಯಂತ್ರಕ್ಕೆ ಹಾಕುತ್ತಿದ್ದರು. ಹಳೇ ಕಾಲದ ದಪ್ಪ ಉಕ್ಕಿನ ಚಾಕನ್ನು ಮಸೆದು ಮಸೆದು ಜೋಪಾನ ಮಾಡುತ್ತಿದ್ದವನು ಹಿರಿಯ ಟೆಕ್ನಿಷಿಯನ್ ಒಬ್ಬನೇ. ಜೊತೆಯವರು ಅವನನ್ನು ಸಾಣೆಯಪ್ಪ ಎಂದು ರೇಗಿಸುತ್ತಿದ್ದರು. ಕಾಣೆಯಾದ ತುಣುಕುಗಳಲ್ಲಿ ಒಂದು ಅವನ ಅಕ್ಕನದು ಎಂದೂ ಗೊತ್ತಾಯಿತು.

ಸಂಜೆ ಅವನನ್ನು ಠಾಣೆಗೆ ಕರೆಸಿದರು. ಅಂಗೈಗೆ ಪಟ್ಟಿ ಕಟ್ಟಿಕೊಂಡು ಬಂದ.

"ಚಾಕು ಎಲ್ಲಿ?"

"ಕಳೆದೋಯ್ತು ಸಾರ್."

"ಕೈಗೇನಾಯ್ತು?"

ಅವನು ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಸರಿಸಿದ. ಯಂತ್ರಕ್ಕೆ ಸಿಕ್ಕಿಸುವ, ಹಿಡಿಯಿಲ್ಲದ ಆ ಉಕ್ಕು ಹಿಡಿದವನನ್ನೂ ಕೊಯ್ದಿತ್ತು.

"ಇನ್ನೊಂದು ತುಣುಕು ಯಾರದು?"

"ಅವರು ಸತ್ತೋದ್ರು ಸಾರ್" ಎಂದವನೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಆಮೇಲೆ ಎಲ್ಲ ಹೊರಬಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ ಕೈಯಲ್ಲೇ ಇಬ್ಬರು ಹೆಂಗಸರ ತುಣುಕುಗಳು ಅದಲುಬದಲಾಗಿದ್ದವು. ಕ್ಯಾನ್ಸರ್ ಇದ್ದವಳನ್ನು ಏನೂ ಇಲ್ಲವೆಂದು ಮನೆಗೆ ಕಳಿಸಿದ್ದರು, ಅವಳು ಬದುಕಲಿಲ್ಲ. ಇನ್ನೊಬ್ಬಳು ಅವನ ಅಕ್ಕ, ಅವಳ ಆರೋಗ್ಯವಾಗಿದ್ದ ಗರ್ಭಕೋಶವನ್ನು ಕ್ಯಾನ್ಸರೆಂದು ತೆಗೆದುಹಾಕಿದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿದ್ದ ಅವಳಿಗೆ ಮಕ್ಕಳಾಗಲಿಲ್ಲ. ಇದ್ಯಾವುದೂ ಅರಿಯದೆ, ಕ್ಯಾನ್ಸರ್ ಗೆದ್ದ ಅಕ್ಕ ಎಂಬ ಹೆಮ್ಮೆಯಿಂದ ಸಂಶೋಧನೆಗೆ ರಕ್ತ ಕೊಡಲು ಅವನೇ ಅವಳನ್ನು ಕರೆತಂದಿದ್ದ. ರಕ್ತದ ಡಿಎನ್‌ಎ ಅವಳ ಹೆಸರಿನ ತುಣುಕಿಗೆ ಹೊಂದಲಿಲ್ಲ, ಪಕ್ಕದ ತುಣುಕಿಗೆ ಹೊಂದಿತು. ಡಾಕ್ಟರಮ್ಮ ಅವನೊಬ್ಬನನ್ನೇ ಕರೆದು ಮೆತ್ತಗೆ ಹೇಳಿದ್ದರು: ಎರಡೂ ಮನೆಯವರಿಗೆ ತಿಳಿಸಲೇಬೇಕು. ಅವನು ಕಾಲು ಹಿಡಿದ. ಅವರು ಒಪ್ಪಲಿಲ್ಲ.

ಚಾಕು ಆಸ್ಪತ್ರೆಯ ನೀರಿನ ತೊಟ್ಟಿಯಲ್ಲಿ ಸಿಕ್ಕಿತು. ಆರೂವರೆಗೆ ಬಂಧನವಾಯಿತು.

"ಗಲ್ಲಿಗೆ ಬೇಕಾದ್ರೂ ಹಾಕಿ. ಅಕ್ಕನಿಗೆ ಮಾತ್ರ ಹೇಳ್ಬೇಡಿ ಸಾರ್."

ಏಳು ಗಂಟೆಗೆ ಅಕ್ಕ ಅವನ ಬಟ್ಟೆ, ಹೊದಿಕೆ ಹಿಡಿದು ಬಂದಳು. ಕಣ್ಣು ಊದಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಅವನಿಲ್ದೆ ಹೋಗಿದ್ರೆ ನಾನು ಇವತ್ತು ಇರ್ತಾನೇ ಇರ್ಲಿಲ್ಲ. ಓಡೋಡಿ ರಿಪೋರ್ಟ್ ತಂದು ನನ್ನ ಉಳಿಸ್ಕೊಂಡವನು ಸಾರ್ ಅವನು. ಅಂಥವನು ಒಂದು ಜೀವ ಯಾಕೆ ತೆಗೀತಾನೆ?"

ಲಾಕಪ್ಪಿನ ಸರಳುಗಳ ಹಿಂದೆ ತಮ್ಮ ಕೈಮುಗಿದು ನಿಂತಿದ್ದ. ಇನ್‌ಸ್ಪೆಕ್ಟರ್ ಅವನತ್ತ ಒಮ್ಮೆ ನೋಡಿದರು. ಆದರೆ ಚಾರ್ಜ್‌ಶೀಟಿನಲ್ಲಿ ಕಾರಣ ಬರೆಯದೆ ವಿಧಿಯಿರಲಿಲ್ಲ. ಮುಂದೆ ಕೋರ್ಟಿನಲ್ಲಿ ಯಾರೋ ಅದನ್ನು ಓದಿ ಹೇಳುವ ಮೊದಲು ಅವಳಿಗೆ ತಿಳಿಯಬೇಕಿತ್ತು.

ಅವರು ಕುರ್ಚಿ ಎಳೆದು ಅವಳ ಮುಂದೆ ಹಾಕಿದರು.

"ಕೂತ್ಕೊಳ್ಳಿ ಅಮ್ಮ."